ಬೀರುವಿನಲ್ಲಿರುವ ಹಳೆ ಸಿಡಿ, ಡಿವಿಡಿ ಓದಿಸುವುದು ಹೇಗೆ? ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

‘ಮದುವೆಯ ಡಿವಿಡಿ ಹಾಕಿದರೆ ಡಿಸ್ಕ್ ಖಾಲಿ ಇದೆ, ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳುತ್ತದೆ. ಏನು ಮಾಡಲಿ?’ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸದ್ಯಕ್ಕೆ ‘ಬೇಡ’ ಎಂದು ಒತ್ತಿ ಡಿಸ್ಕನ್ನು ಹೊರಗೆ ತೆಗೆಯಿರಿ. ಖಾಲಿ ಎಂದು ತೋರಿಸುವ ಡಿಸ್ಕ್‌ಗಳಲ್ಲಿ ಬಹಳಷ್ಟು ಖಾಲಿಯಾಗಿರುವುದಿಲ್ಲ. ಅವಸರದಲ್ಲಿ ಒತ್ತಿದ ಒಂದು ‘ಸರಿ’ಯಿಂದ ಅದರಲ್ಲಿರುವುದು ಕೈತಪ್ಪಿ ಹೋಗುತ್ತದೆ.

ಇಡೀ ಕೆಲಸಕ್ಕೆ ಒಂದೇ ನಿಯಮ: ಮೊದಲು ನಕಲು, ಆಮೇಲೆ ಉಳಿದದ್ದು. ಡಿಸ್ಕ್‌ನಲ್ಲಿರುವುದು ಹಾರ್ಡ್ ಡಿಸ್ಕ್‌ಗೆ ಬಂದು ಕೂರುವವರೆಗೆ ಅದರ ಮೇಲೆ ಏನನ್ನೂ ಬರೆಯಬಾರದು, ಅಳಿಸಬಾರದು.

ಕೆಲಸಕ್ಕೆ ಸರಿಯಾದ ಕಾಲ

ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಇದಕ್ಕೆ ಕೈ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಗಾಳಿಯಲ್ಲೇ ನೀರಿರುತ್ತದೆ. ತಣ್ಣಗಿರುವ ಡಿಸ್ಕ್ ಬಿಸಿಯಾದ ಡ್ರೈವ್‌ನೊಳಗೆ ಹೋದರೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಹನಿ ಕಟ್ಟುತ್ತದೆ. ಲೇಸರ್ ಬೆಳಕು ಅದರಲ್ಲಿ ಚದುರಿ ಓದು ತಪ್ಪುತ್ತದೆ. ಸುಗ್ಗಿ ಹಬ್ಬವಾದ ಪುತ್ತರಿ ಕಳೆದ ಮೇಲೆ, ಹೂಮಳೆ ಬೀಳುವ ಮುಂಚಿನ ತಿಂಗಳುಗಳು ಒಳ್ಳೆಯವು. ಆದರೆ ಕಣದಲ್ಲಿ ಕಾಫಿ ಒಣಗುವ, ದೂಳೇಳುವ ಸಮಯವೂ ಅದೇ ಆದ್ದರಿಂದ ಕಣದ ಕಡೆಗೆ ಕಿಟಕಿ ಇರುವ ಕೋಣೆಯನ್ನು ಬಿಟ್ಟು ಬೇರೆ ಕೋಣೆಯಲ್ಲಿ ಕೂರಿ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಡಿಸ್ಕನ್ನು ಕಂಪ್ಯೂಟರ್ ಇರುವ ಕೋಣೆಯಲ್ಲಿ ಎರಡು ಗಂಟೆ ಇಟ್ಟು, ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲೆ ಡ್ರೈವ್‌ಗೆ ಹಾಕಿ.

ಬೇಕಾಗುವ ಸಾಮಾನು

ಡಿವಿಡಿ ರೈಟರ್ ಕನಿಷ್ಠ ಒಂದು, ಸಾಧ್ಯವಾದರೆ ಬೇರೆ ಬೇರೆ ಕಂಪನಿಯ ಎರಡು. ಒಂದು ಡ್ರೈವ್ ಕೈಚೆಲ್ಲಿದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದುವುದು ಮಾಮೂಲು. ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ಹಾಕುವ ದಪ್ಪ ಡ್ರೈವ್, ಅದರಲ್ಲೂ 2005ರಿಂದ 2010ರ ನಡುವಿನದು ಸಿಕ್ಕಿದರೆ ಬಿಡಬೇಡಿ. ಲ್ಯಾಪ್‌ಟಾಪ್‌ನ ತೆಳು ಡ್ರೈವ್‌ಗಿಂತ ಅದರ ಮೋಟಾರು, ಹಿಡಿತ ಎರಡೂ ಗಟ್ಟಿ. ಊರಿನ ಕಂಪ್ಯೂಟರ್ ರಿಪೇರಿ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಹಳೆ ಕ್ಯಾಬಿನೆಟ್‌ಗಳಲ್ಲಿ ಹುಡುಕಿ. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ.

ಜೊತೆಗೆ, ಸ್ವಂತ ಪವರ್ ಅಡಾಪ್ಟರ್ ಇರುವ ಐಡಿಇ ಅಥವಾ ಸಾಟಾ (ಡ್ರೈವ್‌ನ ಹಿಂದಿನ ಸಾಕೆಟ್‌ನ ಎರಡು ಮಾದರಿಗಳು) ಡ್ರೈವನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಕಿವಿಗೆ ಹಾಕುವ ಹತ್ತಿ ಕಡ್ಡಿ, ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಒಂದು ಪೇಪರ್ ಕ್ಲಿಪ್, ಯುಪಿಎಸ್.

ಹಂತ 1: ಯಾವ ಡಿಸ್ಕ್ ಎಂದು ಗುರುತಿಸಿ

ಅಂಗಡಿಯಿಂದ ಕೊಂಡ ಹಾಡಿನ ಸಿಡಿಯ ಕೆಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ಅದು ಅಚ್ಚೊತ್ತಿದ್ದು, ಬಾಳಿಕೆ ಹೆಚ್ಚು. ತಿಳಿ ಹಸಿರು, ನೀಲಿ ಅಥವಾ ಹೊಂಬಣ್ಣವಿದ್ದರೆ ಸಿಡಿ-ಆರ್, ನೇರಳೆ ಛಾಯೆ ಇದ್ದರೆ ಡಿವಿಡಿ-ಆರ್. ಇವೆರಡರಲ್ಲೂ ಮಾಹಿತಿ ಕೂತಿರುವುದು ಒಂದು ಬಣ್ಣದ ಪದರದಲ್ಲಿ. ಒಮ್ಮೆ ಸುಟ್ಟ ಬಣ್ಣ ಮತ್ತೆ ಮೊದಲಿನಂತಾಗದು, ಅದಕ್ಕೇ ಒಂದೇ ಸಲ ಬರೆಯಲು ಸಾಧ್ಯ.

ಕೆಳಮೈ ಮಸುಕು ಬೂದಿಯ ಕನ್ನಡಿಯಂತಿದ್ದರೆ ಅದು ಸಿಡಿ-ಆರ್‌ಡಬ್ಲ್ಯೂ ಅಥವಾ ಡಿವಿಡಿ-ಆರ್‌ಡಬ್ಲ್ಯೂ, ಅಂದರೆ ಅಳಿಸಿ ಬರೆಯುವ ಡಿಸ್ಕ್. ಇದರಲ್ಲಿ ಬಣ್ಣದ ಬದಲು ಲೋಹದ ಮಿಶ್ರಣವಿದೆ. ಸಿಡಿ-ಆರ್‌ಡಬ್ಲ್ಯೂನಲ್ಲಿ ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಯೂರಿಯಂ ಬೆರೆಸಿರುತ್ತಾರೆ. ಲೇಸರ್ ಅದನ್ನು ಸುಮಾರು 600 ಡಿಗ್ರಿಗೆ ಕಾಯಿಸಿದರೆ ಆ ಬಿಂದು ಕರಗಿ, ತಕ್ಷಣ ತಣಿದು ಮಂಕಾಗುತ್ತದೆ. ಸುಮಾರು 200 ಡಿಗ್ರಿಗೆ ಕಾಯಿಸಿದರೆ ಮತ್ತೆ ಹರಳುಗಟ್ಟಿ ಹೊಳೆಯುತ್ತದೆ. ಬರೆಯುವುದೂ ಅಳಿಸುವುದೂ ಇಷ್ಟೇ. ಸುಮಾರು 1000 ಸಲ ಹೀಗೆ ಮಾಡಬಹುದು.

ಸಿಡಿ-ಆರ್‌ಡಬ್ಲ್ಯೂ ಮಾರುಕಟ್ಟೆಗೆ ಬಂದದ್ದು 1997ರಲ್ಲಿ, ಕರಡದಲ್ಲಿ ಮೊದಲ ಕೊಡವ ಕೌಟುಂಬಿಕ ಹಾಕಿ ಹಬ್ಬ ನಡೆದ ವರ್ಷವೇ. ಅದಕ್ಕಿಂತ ಹಳೆಯ ಸಿಡಿ-ರಾಮ್ ಡ್ರೈವ್‌ಗಳು ಇದನ್ನು ಓದುವುದಿಲ್ಲ. ಕಾರಣ ಸರಳ: ಸಿಡಿ-ಆರ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 70 ಶೇಕಡಾ ಹಿಂದಿರುಗಿಸಿದರೆ, ಆರ್‌ಡಬ್ಲ್ಯೂ ಹಿಂದಿರುಗಿಸುವುದು 15ರಿಂದ 25 ಶೇಕಡಾ ಮಾತ್ರ. ಹಳೆ ಡ್ರೈವ್‌ನ ಕಣ್ಣಿಗೆ ಅಲ್ಲಿ ಕತ್ತಲೆ. ಡ್ರೈವ್ ಮುಖದ ಮೇಲೆ ‘ಮಲ್ಟಿರೀಡ್’ ಮುದ್ರೆ ಇದ್ದರೆ ಓದುತ್ತದೆ ಎಂದರ್ಥ.

ಕೆಳಮೈ ತುಂಬ ಸಣ್ಣ ಸಣ್ಣ ಆಯತಗಳು ಚೆಲ್ಲಿದಂತೆ ಕಂಡರೆ ಅದು ಡಿವಿಡಿ-ರ‍್ಯಾಮ್. ಪ್ಲಾಸ್ಟಿಕ್ ಕವಚದೊಳಗೂ ಇರಬಹುದು. ಇದಕ್ಕೆ ‘ರ‍್ಯಾಮ್’ ಮುದ್ರೆಯ ಡ್ರೈವ್ ಬೇಕು. ‘ಸೂಪರ್ ಮಲ್ಟಿ’ ಎಂದು ಬರೆದಿರುವ ಎಲ್‌ಜಿ ಡ್ರೈವ್‌ಗಳು ಇದನ್ನು ಓದುತ್ತವೆ, ಬರೆಯುತ್ತವೆ. ಕವಚದಿಂದ ಹೊರ ತೆಗೆಯಬಹುದಾದ ಮಾದರಿಯಾದರೆ ಡಿಸ್ಕ್ ತೆಗೆದು ಟ್ರೇಯಲ್ಲಿಡಿ. ಮೊದಲ ತಲೆಮಾರಿನ 2.6 ಜಿಬಿ ಡಿಸ್ಕನ್ನು ಮಾತ್ರ ಆಮೇಲಿನ ಎಷ್ಟೋ ಡ್ರೈವ್‌ಗಳು ಒಪ್ಪುವುದಿಲ್ಲ.

ಫ್ಲಾಪಿಯಂತೆ ಕಾಣುವ, ಅದಕ್ಕಿಂತ ದಪ್ಪಗಿರುವ 3.5 ಇಂಚಿನ ಕವಚ ಸಿಕ್ಕಿದರೆ ಅದು ಎಂಒ, ಅಂದರೆ ಬೆಳಕು ಮತ್ತು ಅಯಸ್ಕಾಂತ ಎರಡನ್ನೂ ಬಳಸುವ ಡಿಸ್ಕ್. ಇದಕ್ಕೆ ಇದರದೇ ಡ್ರೈವ್ ಬೇಕು. ಹಳೆಯವು ಸ್ಕಸಿ ಎಂಬ ಹಳೆ ಬಗೆಯ ಕೇಬಲ್‌ನವು, ಫುಜಿತ್ಸುವಿನ ಯುಎಸ್‌ಬಿ ಮಾದರಿ ಸಿಕ್ಕಿದರೆ ಕೆಲಸ ಹಗುರ. 640 ಎಂಬಿ ಡ್ರೈವ್ 128, 230, 540 ಎಂಬಿ ಡಿಸ್ಕ್‌ಗಳನ್ನೂ ಓದುತ್ತದೆ. 1.3 ಜಿಬಿ ಡಿಸ್ಕ್‌ಗೆ ಆ ಅಳತೆಯ ಅಥವಾ ಅದಕ್ಕಿಂತ ದೊಡ್ಡ ಅಳತೆಯ ಡ್ರೈವ್ ಬೇಕು. ಚೆನ್ನಾಗಿ ಬಿಸಿಯಾಗದ ಹೊರತು ಎಂಒದಲ್ಲಿ ಬರೆದದ್ದು ಕದಲುವುದಿಲ್ಲ. ಹಾಗಾಗಿ ಡಿಸ್ಕ್ ಬಗ್ಗೆ ಚಿಂತೆ ಬೇಡ, ಡ್ರೈವ್ ಹುಡುಕುವುದೇ ಕಷ್ಟ.

ಹಂತ 2: ತೊಳೆದು ಒಣಗಿಸಿ

ಡಿಸ್ಕನ್ನು ಅಂಚಿನಲ್ಲಿ ಹಿಡಿದು ದೀಪದ ಎದುರು ನೋಡಿ. ಮೇಲ್ಮೈಯಲ್ಲಿ ಕೂತ ಬಿಳಿ ಬೂಷ್ಟು ತೊಳೆದರೆ ಹೋಗುತ್ತದೆ. ಅಂಚಿನಿಂದ ಒಳಗೆ ಬೇರಿನಂತೆ ಕವಲೊಡೆದ ಗೆರೆಗಳು ಕಂಡರೆ ಬೂಷ್ಟು ಪದರದೊಳಗೇ ಹೋಗಿದೆ, ಅಲ್ಲಿ ಇದ್ದದ್ದು ಮತ್ತೆ ಬರದು. ಮಧ್ಯ ಅಮೆರಿಕದ ಬೆಲೀಜ್‌ನಿಂದ ತಂದ ಒಂದು ಸಿಡಿಯ ಅಲ್ಯೂಮಿನಿಯಂ ಪದರವನ್ನು ಬೂಷ್ಟು ತಿಂದಿರುವುದನ್ನು ಸ್ಪೇನ್‌ನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ್ದರು. ಬಿಸಿ ಮತ್ತು ತೇವ ಕೂಡಿದರೆ ಇಲ್ಲೂ ಅದಕ್ಕೆ ಅಡ್ಡಿಯಿಲ್ಲ.

ಎಲ್ಲರೂ ಕಾಪಾಡುವುದು ಕೆಳಮೈಯನ್ನು. ಸಿಡಿಯಲ್ಲಿ ನಿಜವಾಗಿ ಸೂಕ್ಷ್ಮವಾದದ್ದು ಹೆಸರು ಬರೆಯುವ ಮೇಲ್ಭಾಗ. 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಪೂರ್ತಿ ಕೆಳಗಿದ್ದು, ಮಾಹಿತಿಯ ಪದರ ಲೇಬಲ್‌ನ ಕೆಳಗೇ, ತೆಳು ವಾರ್ನಿಷ್‌ನ ಮರೆಯಲ್ಲಿದೆ. ಮೇಲೆ ಬಾಲ್‌ಪೆನ್‌ನಲ್ಲಿ ಒತ್ತಿ ಬರೆದರೆ ಗೀರು ನೇರ ಮಾಹಿತಿಗೇ ಬೀಳುತ್ತದೆ. ಅಂಟಿಸಿದ ಸ್ಟಿಕರ್ ಕೀಳಲು ಹೋದರೆ ಹೊಳಪಿನ ಪದರವೂ ಅದರ ಜೊತೆ ಎದ್ದು ಬರುತ್ತದೆ, ಹಾಗಾಗಿ ಸ್ಟಿಕರ್ ಅರ್ಧ ಎದ್ದಿದ್ದರೂ ಕೀಳಬೇಡಿ. ಡಿವಿಡಿಯಲ್ಲಿ 0.6 ಮಿಲಿಮೀಟರ್‌ನ ಎರಡು ಹಾಳೆಗಳ ನಡುವೆ ಮಾಹಿತಿ ಇರುವುದರಿಂದ ಈ ಭಯ ಕಡಿಮೆ.

ತೊಳೆಯುವ ಕ್ರಮ: ಮೊದಲು ಹರಿಯುವ ನೀರಿಗೆ ಹಿಡಿದು ಮಣ್ಣು, ಮರಳು ತಾನಾಗಿ ಜಾರುವಂತೆ ಬಿಡಿ. 2018ರ ಆಗಸ್ಟ್‌ನ ಮಳೆ, ಭೂಕುಸಿತದಲ್ಲಿ ಕೆಸರು ಮೆತ್ತಿದ ಡಿಸ್ಕ್‌ಗಳು ಈಗಲೂ ಕೆಲವರ ಬಳಿ ಇವೆ. ಅಂಥವನ್ನು ಒಣಗಿದಂತೆಯೇ ಒರೆಸಿದರೆ ಒಂದೊಂದು ಮರಳ ಕಣವೂ ಉಳಿಯಂತೆ ಗೀರುತ್ತದೆ. ಆಮೇಲೆ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಬೆರಳ ತುದಿಗೆ ಹಾಕಿಕೊಂಡು ಮೆತ್ತಗೆ ಉಜ್ಜಿ. ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ತೆಗೆಯಿರಿ, ಇಲ್ಲದಿದ್ದರೆ ಬಾವಿ ನೀರಿನ ಕಲೆ ನಿಲ್ಲುತ್ತದೆ. ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ, ನೆರಳಿನಲ್ಲಿ ಅಂಚಿನ ಮೇಲೆ ನಿಲ್ಲಿಸಿ ಒಂದು ರಾತ್ರಿ ಒಣಗಿಸಿ.

ಒರೆಸುವುದಾದರೆ ಮಧ್ಯದಿಂದ ಹೊರಕ್ಕೆ ನೇರವಾಗಿ. ಸುತ್ತಲೂ ತಿರುಗಿಸಿ ಒರೆಸಬಾರದು. ಮಾಹಿತಿ ಡಿಸ್ಕ್‌ನಲ್ಲಿ ಸುರುಳಿ ದಾರಿಯಾಗಿ ಕೂತಿರುತ್ತದೆ; ಆ ದಾರಿಯ ಗುಂಟ ಸುಮಾರು 2.5 ಮಿಲಿಮೀಟರ್ ಹಾಳಾದರೂ ಸಿಡಿಯ ತಪ್ಪು ತಿದ್ದುವ ವ್ಯವಸ್ಥೆ ಸರಿಪಡಿಸಿಕೊಳ್ಳುತ್ತದೆ. ಅಡ್ಡ ಗೀರು ಪ್ರತಿ ಸುತ್ತಿನಲ್ಲೂ ಕೂದಲೆಳೆಯಷ್ಟೇ ಕೆಡಿಸುತ್ತದೆ, ಸುತ್ತು ಗೀರಾದರೆ ದಾರಿಯನ್ನೇ ನುಂಗುತ್ತದೆ. ಪೇಂಟ್ ಥಿನ್ನರ್, ಅಸಿಟೋನ್, ಪೆಟ್ರೋಲ್ ಹತ್ತಿರಕ್ಕೂ ತರಬೇಡಿ, ಪ್ಲಾಸ್ಟಿಕ್ ಮಂಜುಗಟ್ಟುತ್ತದೆ. ಬೂಷ್ಟು ಹಿಡಿದ ಕಾಗದದ ಲಕೋಟೆಗಳನ್ನು ಎಸೆಯಿರಿ.

ಹಂತ 3: ಡ್ರೈವ್ ಸಿದ್ಧಪಡಿಸಿ

ಹತ್ತು ವರ್ಷ ಸುಮ್ಮನೆ ಬಿದ್ದಿದ್ದ ಡ್ರೈವ್‌ನಲ್ಲಿ ಮೊದಲು ಕೈಕೊಡುವುದು ಟ್ರೇ ಎಳೆಯುವ ರಬ್ಬರ್ ಬೆಲ್ಟ್. ಗುಂಡಿ ಒತ್ತಿದರೆ ಮೋಟಾರಿನ ಸದ್ದು ಬರುತ್ತದೆ, ಟ್ರೇ ಬರುವುದಿಲ್ಲ. ಕರೆಂಟು ತೆಗೆದು, ಮುಂಭಾಗದ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ಹಾಕಿ ಮೆಲ್ಲಗೆ ಒತ್ತಿದರೆ ಟ್ರೇ ಅರ್ಧ ಇಂಚು ಹೊರಬರುತ್ತದೆ. ಉಳಿದದ್ದನ್ನು ಕೈಯಲ್ಲಿ ಎಳೆಯಿರಿ. ಬೆಲ್ಟ್ ತೆಗೆದು ಬಿಸಿ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ಒಣಗಿಸಿ ಹಾಕಿದರೆ ಸ್ವಲ್ಪ ದಿನ ಹಿಡಿಯುತ್ತದೆ. ಖಾಯಂ ಪರಿಹಾರ ಅದೇ ಸುತ್ತಳತೆಯ ಹೊಸ ಬೆಲ್ಟ್. ಬೆಲ್ಟ್ ಕೂರುವ ಗಾಲಿಯನ್ನೂ ಆಲ್ಕೋಹಾಲ್‌ನಿಂದ ಒರೆಸಿ, ಜಿಡ್ಡಿದ್ದರೆ ಹೊಸ ಬೆಲ್ಟೂ ಜಾರುತ್ತದೆ.

ಇನ್ನು ಲೆನ್ಸ್. ಹತ್ತಿ ಕಡ್ಡಿಯ ತುದಿಗೆ ಒಂದೇ ಹನಿ ಆಲ್ಕೋಹಾಲ್ ಹಾಕಿ, ತೂಕವೇ ಬೀಳದಂತೆ ಎರಡು ಸುತ್ತು ತಿರುಗಿಸಿ ಐದು ನಿಮಿಷ ಆರಲು ಬಿಡಿ. ಆ ಲೆನ್ಸ್ ಕೂದಲಿನಂಥ ತಂತಿಗಳ ಮೇಲೆ ತೂಗಾಡುತ್ತಿರುತ್ತದೆ. ಒತ್ತಿದರೆ ತಂತಿ ಬಾಗಿ ಡ್ರೈವ್ ಅಲ್ಲಿಗೇ ಮುಗಿಯಿತು. ಒಲೆಯ ಹೊಗೆ ಆಡುವ ಮನೆಯಲ್ಲಿದ್ದ ಡ್ರೈವ್‌ಗೆ ಈ ಒಂದು ಕೆಲಸದಿಂದಲೇ ಎಷ್ಟೋ ಸಲ ಜೀವ ಬರುತ್ತದೆ. ಲೇಸರ್ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ‘ಪವರ್ ಹೆಚ್ಚಿಸುವ’ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಲೇಸರ್ ಬೇಗ ಸಾಯುತ್ತದೆ. ಮುಚ್ಚಳ ತೆಗೆದ ಡ್ರೈವ್‌ಗೆ ಕರೆಂಟು ಕೊಟ್ಟು ಒಳಗೆ ಇಣುಕಲೂ ಬೇಡಿ. ಸಿಡಿ ಓದುವ 780 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಸರಿಯಾಗಿ ಕಾಣದೆಯೇ ಕಣ್ಣಿಗೆ ಹಾನಿ ಮಾಡುತ್ತದೆ.

ಡ್ರೈವ್ ಡಿವಿಡಿ ಓದಿ ಸಿಡಿ ಓದದಿದ್ದರೆ (ಅಥವಾ ತಿರುಗು ಮುರುಗಾದರೆ) ಗಾಬರಿ ಬೇಡ. ಸಿಡಿಗೆ 780, ಡಿವಿಡಿಗೆ 650 ನ್ಯಾನೊಮೀಟರ್‌ನ ಬೇರೆ ಬೇರೆ ಲೇಸರ್‌ಗಳಿವೆ, ಒಂದು ಬಳಲಿದೆ ಅಷ್ಟೇ. ಅದು ಓದುವ ಬಗೆಯ ಡಿಸ್ಕ್‌ಗಳಿಗೆ ಆ ಡ್ರೈವನ್ನು ಬಳಸಿಕೊಳ್ಳಿ.

ಹಂತ 4: ಜೋಡಿಸಿ

ಅಗಲ ರಿಬ್ಬನ್ ಕೇಬಲ್‌ನ ಐಡಿಇ ಡ್ರೈವ್ ಆದರೆ ಹಿಂಭಾಗದ ಜಂಪರನ್ನು, ಅಂದರೆ ಎರಡು ಪಿನ್ ಕೂಡಿಸುವ ಪುಟ್ಟ ಟೊಪ್ಪಿಯನ್ನು, ‘ಮಾಸ್ಟರ್’ ಸ್ಥಾನದಲ್ಲಿಡಿ. ಯುಎಸ್‌ಬಿ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ‘ಸ್ಲೇವ್’ ಡ್ರೈವನ್ನು ಕಾಣುವುದೇ ಇಲ್ಲ. ರಿಬ್ಬನ್ ಹಾಕುವುದಾದರೆ ಅದರ ಕೆಂಪು ಗೆರೆ ಪವರ್ ಪ್ಲಗ್ ಕಡೆಗಿರಲಿ. ಪವರ್ ಮೊದಲು, ಯುಎಸ್‌ಬಿ ಆಮೇಲೆ.

ತೆಳು ಯುಎಸ್‌ಬಿ ಡ್ರೈವ್ ‘ಟಿಕ್ ಟಿಕ್’ ಎಂದು ನಿಂತುಹೋದರೆ ಡಿಸ್ಕನ್ನು ಬೈಯುವ ಮೊದಲು ಕರೆಂಟು ನೋಡಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್. ಡಿಸ್ಕ್ ತಿರುಗಲು ಶುರುವಾಗುವ ಹೊತ್ತಿಗೆ ಡ್ರೈವ್‌ಗೆ ಅದಕ್ಕಿಂತ ಹೆಚ್ಚು ಬೇಕು. ಎರಡು ಪ್ಲಗ್‌ನ ಕೇಬಲ್ ಅಥವಾ ಸ್ವಂತ ಪವರ್ ಇರುವ ಹಬ್ ಬಳಸಿ.

ಹಂತ 5: ನಕಲು ತೆಗೆಯಿರಿ

ಫೈಲ್‌ಗಳನ್ನು ಒಂದೊಂದಾಗಿ ಎಳೆದು ಹಾಕಬೇಡಿ. ಇಡೀ ಡಿಸ್ಕ್‌ನ ಪಡಿಯಚ್ಚು, ಅಂದರೆ ಇಮೇಜ್, ತೆಗೆಯಿರಿ. ಒಳ್ಳೆಯ ಡಿಸ್ಕ್‌ಗೆ ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್ ಸಾಕು. ಗೀರು ಬಿದ್ದದ್ದಕ್ಕೆ ಲಿನಕ್ಸ್‌ನ ಜಿಎನ್‌ಯು ಡಿಡಿರೆಸ್ಕ್ಯೂಗೆ ಸಮನಾದದ್ದು ಇಲ್ಲ. ಸೆಕ್ಟರ್ (ಡಿಸ್ಕ್‌ನಲ್ಲಿ ಮಾಹಿತಿ ಕೂತಿರುವ ಒಂದೊಂದು ತುಂಡು) ಗಾತ್ರ 2048 ಬೈಟ್ ಎಂದು ಕೊಟ್ಟು, ಮೊದಲ ಸುತ್ತಿನಲ್ಲಿ ಕಷ್ಟದ ಜಾಗಗಳನ್ನು ಬಿಟ್ಟು ಸುಲಭದ್ದನ್ನೆಲ್ಲ ಎತ್ತಿಕೊಳ್ಳಿ. ಎರಡನೇ ಸುತ್ತಿನಲ್ಲಿ ಉಳಿದ ಜಾಗಗಳಿಗೆ ಮೂರು ಮರುಪ್ರಯತ್ನ ಕೊಡಿ. ಮ್ಯಾಪ್ ಫೈಲ್‌ಗೆ ಒಂದು ಹೆಸರು ಕೊಡುವುದನ್ನು ಮರೆಯಬೇಡಿ. ಎಲ್ಲಿಯವರೆಗೆ ಓದಿದೆ ಎಂಬ ಲೆಕ್ಕ ಅದರಲ್ಲಿರುತ್ತದೆ. ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೂ ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಅದೇ ಮ್ಯಾಪ್ ಇಟ್ಟುಕೊಂಡು ಡಿಸ್ಕನ್ನು ಎರಡನೇ ಡ್ರೈವ್‌ಗೆ ಹಾಕಿದರೆ ಮೊದಲನೆಯದು ಬಿಟ್ಟ ತುಂಡುಗಳನ್ನು ಮಾತ್ರ ಅದು ಹುಡುಕುತ್ತದೆ. ಎರಡು ಡ್ರೈವ್ ಇರಲಿ ಎಂದದ್ದು ಇದಕ್ಕೇ.

ಓದುವ ವೇಗ ಇಳಿಸಿ. 48 ಪಟ್ಟಿನಲ್ಲಿ ಒದರಾಡುವ ಡಿಸ್ಕ್ 8 ಪಟ್ಟಿನಲ್ಲಿ ಶಾಂತವಾಗಿ ಓದಿಸಿಕೊಳ್ಳುತ್ತದೆ. (ಸಿಡಿಯಲ್ಲಿ ಒಂದು ಪಟ್ಟು ಎಂದರೆ ಸೆಕೆಂಡಿಗೆ 150 ಕೆಬಿ.)

ಎಡವುವ ಜಾಗ ಒಂದಿದೆ: ವಿಡಿಯೋ ಸಿಡಿ. ಗಂಗಾಪೂಜೆ, ವಾಲಗದ ಕುಣಿತವೆಲ್ಲ ಇರುವ ಆ ಕಾಲದ ಮದುವೆ ಡಿಸ್ಕ್‌ಗಳಲ್ಲಿ ವಿಸಿಡಿ ಬಹಳ. ಮಾಮೂಲಿ ಡೇಟಾ ಸಿಡಿಯ 2352 ಬೈಟ್‌ನ ಸೆಕ್ಟರ್‌ನಲ್ಲಿ ಮಾಹಿತಿ 2048 ಬೈಟ್. ಉಳಿದದ್ದರಲ್ಲಿ 276 ಬೈಟ್ ತಪ್ಪು ತಿದ್ದಲು ಮೀಸಲು. ವಿಸಿಡಿಯವರು ಆ ಜಾಗಕ್ಕೂ ಚಿತ್ರವನ್ನೇ ತುಂಬಿ 2324 ಬೈಟ್ ಮಾಡಿಕೊಂಡರು. ಅದಕ್ಕೇ ಸಣ್ಣ ಗೀರಿಗೂ ವಿಸಿಡಿ ಚೌಕ ಚೌಕವಾಗಿ ಒಡೆಯುತ್ತದೆ, ಅದಕ್ಕೇ 2048ರ ಲೆಕ್ಕದ ಇಮೇಜ್ ಇದಕ್ಕೆ ಹೊಂದುವುದಿಲ್ಲ. ಐಸೊಬಸ್ಟರ್‌ನಂಥ ತಂತ್ರಾಂಶದಲ್ಲಿ ‘ರಾ’ ಇಮೇಜ್, ಅಂದರೆ ಸೆಕ್ಟರ್‌ನ 2352 ಬೈಟನ್ನೂ ಹಾಗೇ ಎತ್ತಿಕೊಳ್ಳುವ ಪಡಿಯಚ್ಚು, ಆರಿಸಿ ತೆಗೆಯಿರಿ. ಡಿಸ್ಕ್ ಚೆನ್ನಾಗಿದ್ದರೆ ಎಂಪೆಗ್‌ಎವಿ ಫೋಲ್ಡರ್‌ನ ಡ್ಯಾಟ್ ಫೈಲ್ ನಕಲು ಮಾಡಿಕೊಂಡರೂ ಸಾಕು, ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್‌ನಲ್ಲಿ ಹಾಗೇ ಓಡುತ್ತದೆ.

ಹಂತ 6: ‘ಖಾಲಿ’ ಎನ್ನುವ ಡಿಸ್ಕ್

ಕಾರಣಗಳು ಮುಖ್ಯವಾಗಿ ಎರಡು. 8 ಸೆಂಟಿಮೀಟರ್‌ನ ಪುಟ್ಟ ಡಿವಿಡಿಗೆ ಬರೆಯುವ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ‘ಫೈನಲೈಸ್’ ಮಾಡದೆ ಬಿಟ್ಟದ್ದು ಒಂದು. ಫೈನಲೈಸ್ ಎಂದರೆ ಬೇರೆ ಯಂತ್ರಗಳಿಗೂ ಅರ್ಥವಾಗುವಂತೆ ಡಿಸ್ಕ್‌ನ ಸೂಚಿಯನ್ನು ಬರೆದು ಮುಗಿಸುವುದು. ಆ ಕ್ಯಾಮೆರಾ ಮನೆಯಲ್ಲಿದ್ದರೆ ಬ್ಯಾಟರಿ ಸತ್ತಿದ್ದರೂ ಅಡಾಪ್ಟರ್‌ನಲ್ಲಿ ಚಾಲೂ ಮಾಡಿ. ಚಿತ್ರ ಕ್ಯಾಮೆರಾದಲ್ಲೇ ಕಾಣುತ್ತಿದ್ದರೆ ಅಲ್ಲೇ ಫೈನಲೈಸ್ ಮಾಡಿ. ಬರೆಯಬಾರದು ಎಂಬ ನಿಯಮಕ್ಕೆ ಇದೊಂದೇ ವಿನಾಯಿತಿ. ಕ್ಯಾಮೆರಾ ಇಲ್ಲದಿದ್ದರೆ ಐಸೊಬಸ್ಟರ್ ಸೂಚಿಯಿಲ್ಲದೆಯೂ ತುಣುಕುಗಳನ್ನು ಹುಡುಕುತ್ತದೆ. ಈ ಪುಟ್ಟ ಡಿಸ್ಕನ್ನು ಟ್ರೇ ಇಲ್ಲದ, ಸೀಳಿನೊಳಗೆ ನೂಕುವ ಡ್ರೈವ್‌ಗೆ ಮಾತ್ರ ಹಾಕಬೇಡಿ, ಸಿಕ್ಕಿಕೊಳ್ಳುತ್ತದೆ.

ಇನ್ನೊಂದು, ಡೈರೆಕ್ಟ್‌ಸಿಡಿ ಅಥವಾ ಇನ್‌ಸಿಡಿ ತಂತ್ರಾಂಶದಲ್ಲಿ ಫ್ಲಾಪಿಯಂತೆ ಎಳೆದು ಹಾಕಿ ಬರೆದ ಸಿಡಿ-ಆರ್‌ಡಬ್ಲ್ಯೂ. ತೋಟದ ಲೆಕ್ಕ, ಕೂಲಿ ಪಟ್ಟಿ ಹೀಗೆ ಇಟ್ಟವರು ಅನೇಕರು. ಇದು ಯುಡಿಎಫ್ ಎಂಬ ಜೋಡಣೆ. ವಿಂಡೋಸ್ ಎಕ್ಸ್‌ಪಿ ಮತ್ತು ಆಮೇಲಿನವು ಸಾಮಾನ್ಯವಾಗಿ ಓದುತ್ತವೆ. ಸೂಚಿ ಕೆಟ್ಟಿದ್ದರೆ ಮಾತ್ರ ಖಾಲಿ ತೋರಿಸುತ್ತವೆ. ಆಗ ಮೊದಲು ಇಮೇಜ್, ಆಮೇಲೆ ಇಮೇಜ್‌ನ ಮೇಲೆ ಹುಡುಕಾಟ.

ಹಂತ 7: ಅಳಿಸಿ ಮತ್ತೆ ಬರೆಯುವುದು

ನಕಲು ತೆರೆದು ನೋಡಿ ಖಾತ್ರಿಯಾದ ಮೇಲೆ ಆರ್‌ಡಬ್ಲ್ಯೂ ಡಿಸ್ಕ್‌ಗಳನ್ನು ಮತ್ತೆ ಬಳಸಬಹುದು. ಹಳೆ ಕಾರಿನ ಪ್ಲೇಯರ್‌ಗೆ, ಹಳೆ ಕಂಪ್ಯೂಟರ್‌ಗೆ ವಿಂಡೋಸ್ ಹಾಕಲು ಅವು ಈಗಲೂ ಉಪಯೋಗ.

‘ಕ್ವಿಕ್ ಇರೇಸ್’ ಸೂಚಿಯನ್ನಷ್ಟೇ ಒರೆಸುತ್ತದೆ. ‘ಫುಲ್ ಇರೇಸ್’ ಕೊನೆಯವರೆಗೂ ಒರೆಸುತ್ತದೆ, 80 ನಿಮಿಷದ ಸಿಡಿಗೆ 4 ಪಟ್ಟು ವೇಗದಲ್ಲಿ 20 ನಿಮಿಷ. ಹಠ ಮಾಡುವ ಡಿಸ್ಕ್‌ಗೆ ಫುಲ್ ಇರೇಸೇ ಮದ್ದು. ಕ್ವಿಕ್ ಆಗಿ ಅಳಿಸಿದ ಡಿವಿಡಿ-ಆರ್‌ಡಬ್ಲ್ಯೂಗೆ ಒಂದೇ ಬೀಸಿನಲ್ಲಿ ಪೂರ್ತಿ ಬರೆಯಬೇಕು, ಸ್ವಲ್ಪ ಸ್ವಲ್ಪ ಸೇರಿಸುತ್ತ ಹೋಗಲು ಬಿಡದು. ಡಿವಿಡಿ+ಆರ್‌ಡಬ್ಲ್ಯೂಗೆ ಅಳಿಸುವ ಗೋಜೇ ಇಲ್ಲ, ಹಳೆಯದರ ಮೇಲೆ ಹೊಸದು ಬರೆಯುತ್ತದೆ.

ವೇಗ ಡಿಸ್ಕ್ ಮೇಲೆ ಮುದ್ರಿಸಿದ ಮಿತಿಯೊಳಗೇ ಇರಲಿ. 4ರಿಂದ 12 ಪಟ್ಟಿನ ‘ಹೈ ಸ್ಪೀಡ್’ ಸಿಡಿ-ಆರ್‌ಡಬ್ಲ್ಯೂ 1990ರ ದಶಕದ ಡ್ರೈವ್‌ನಲ್ಲಿ ಬರೆಯಿಸಿಕೊಳ್ಳದು. ‘ಪವರ್ ಕ್ಯಾಲಿಬ್ರೇಶನ್ ಎರರ್’ ಬಂದರೆ, ಬರೆಯುವ ಮುಂಚೆ ಡಿಸ್ಕ್‌ನ ಒಳ ಅಂಚಿನಲ್ಲಿ ಲೇಸರ್‌ನ ಹದ ಪರೀಕ್ಷಿಸಿ ನೋಡಿದ ಡ್ರೈವ್‌ಗೆ ಹದ ಸಿಕ್ಕಿಲ್ಲ ಎಂದರ್ಥ. ಲೆನ್ಸ್ ಒರೆಸಿ, ಬೇರೆ ಡಿಸ್ಕ್ ಹಾಕಿ ನೋಡಿ. ಆಗಲೂ ಬಂದರೆ ಆ ಡ್ರೈವ್ ಓದಲಷ್ಟೇ ಸರಿ. ಬರೆಯುವಾಗ ಯುಪಿಎಸ್ ಇಲ್ಲದೆ ಕೂರಬೇಡಿ.

ಆಗಾಗ ತಿದ್ದುವ ಕಡತಗಳಿಗೆ ಡಿವಿಡಿ-ರ‍್ಯಾಮ್ ಎಲ್ಲಕ್ಕಿಂತ ಮೇಲು: 1 ಲಕ್ಷ ಸಲ ಬರೆಯಬಹುದು, ಬರೆದದ್ದನ್ನು ಡ್ರೈವೇ ಓದಿ ತಾಳೆ ನೋಡುತ್ತದೆ. ಅದಕ್ಕೇ ನಿಧಾನ. ಕೆಟ್ಟಿದೆ ಎಂದುಕೊಳ್ಳಬೇಡಿ.

ಹಂತ 8: ಎಲ್ಲಿಡಬೇಕು

ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆ ಮತ್ತು ಬಿಸಿ ಎರಡೂ ಡಿಸ್ಕ್‌ಗೆ ಆಗದು. ಬೂಷ್ಟು ಬಾರದಿರಲೆಂದು ಬೀರುವಿನಲ್ಲಿ ಬಲ್ಬ್ ಉರಿಸುವವರು ಡಿಸ್ಕ್‌ಗಳನ್ನು ಆ ಬೀರುವಿನಿಂದ ತೆಗೆಯಿರಿ. ಬಣ್ಣದ ಪದರ ಬಿಸಿಗೂ ಬೆಳಕಿಗೂ ಮಾಸುತ್ತದೆ. ಗಾಳಿಯಾಡದ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ, ಗಟ್ಟಿ ಪೆಟ್ಟಿಗೆಯಲ್ಲಿ ನಿಲ್ಲಿಸಿದ ಡಿಸ್ಕ್, ಜೊತೆಗೆ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಪುಟ್ಟ ಮಾಪಕ, ಇಷ್ಟು ಸಾಕು. ಮುಳ್ಳು 50 ಶೇಕಡಾ ದಾಟದಿರಲಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತಟ್ಟೆಯಲ್ಲಿ ಹರಡಿ ಓವನ್‌ನಲ್ಲಿ 110ರಿಂದ 120 ಡಿಗ್ರಿಗೆ ಎರಡು ಗಂಟೆ ಇಟ್ಟು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡಬೇಕು.

ಇಮೇಜ್‌ಗಳನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿಟ್ಟು, ಒಂದನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಗೆ ಕಳಿಸಿ. ಕಳಿಸುವ ಮೊದಲು ಪ್ರತಿ ಇಮೇಜ್ ಫೈಲನ್ನೂ ಒಮ್ಮೆ ತೆರೆದು, ವಿಡಿಯೋ ಆದರೆ ಶುರು, ನಡು, ಕೊನೆ ಮೂರೂ ಕಡೆ ಓಡಿಸಿ ನೋಡಿ. ಡಿಸ್ಕ್‌ನ ಹೊರ ಅಂಚು ಮೊದಲು ಕೆಡುವುದರಿಂದ ತುಂಬಿದ ಡಿಸ್ಕ್‌ನಲ್ಲಿ ಕೊನೆಯ ಹತ್ತು ನಿಮಿಷವನ್ನು ಬಿಡದೆ ನೋಡಿ.